ಹುಲಗಪ್ಪ ಎಳೀಲಾರದ ಪರದಿ

ಅಸುಂಡಿ ಹುಲಗಪ್ಪನ ಬಾಯಿ ಮುಚ್ಚಸೋ ಗಂಡಸು ಗದಗ-ಬೆಟಗೇರಿಯೊಳಗ ಇನ್ನೂ ಹುಟ್ಟಿರಲಿಲ್ಲ. ಬೆಟಗೇರಿ ಹಾದ್ಯಾಗಿನ ಒಂದು ಖಾಸಗಿ ದವಾಖಾನ್ಯಾಗ ಅಂವ ವಾರ್ಡಿನ ಆಳು. ಆಪರೇಷನ್‌ಗೆ ಬಂದ ಗಂಡಸರ ಮೈಕೂದಲಾ ಬೋಳಿಸಿ, ತೊಳದು, ಹಸರು ಅಂಗಿ ತೊಡಿಸಿ ಒಳಗ ಕಳಸೋದು ಅವನ ಕೆಲಸ. ಕೈ ಬಾಳ ಹಗುರ, ಬ್ಲೇಡ್ ಎಳದ್ರ ಒಂದು ಗೀರು ಬೀಳತಿರಲಿಲ್ಲ. ಡಾಕ್ಟರೂ ಹೊಗಳತಿದ್ರು, ಹುಲಗಪ್ಪನೂ ಉಬ್ಬತಿದ್ದ.

ಈ ಕೆಲಸಕ್ಕಂತ ಒಂದು ಸಣ್ಣ ಖೋಲಿ ಇತ್ತು. ಇತ್ತು ಅಂದ್ರ ಇತ್ತು, ಅಷ್ಟ. ಅದರ ತುಂಬ ಸಲೈನಿನ ಬಾಕ್ಸು ಒಟ್ಟಿದ ಮಹಾಶಯ ಯಾರು? ಇವನ. ಒಳಗ ಬೆಳಕು ಸಾಲೂದಿಲ್ಲಂತ ನೆವ ಹೇಳಿ, ವಾರ್ಡಿನ ಕಿಟಕಿ ಬಾಜೂ ಮಂಚದ ಮ್ಯಾಲೇ ಕೆಲಸ ಮುಗಸತಿದ್ದ. ಮಂಚಕ್ಕ ಪರದಿನೂ ಇತ್ತು, ಎಳಿಯೋ ಮನಸು ಇರಲಿಲ್ಲ. ಯಾರರ ಹಿಂಜರದ್ರ ಅವನ ಹಳೇ ಮಾತು ತಯಾರ: "ಮುಚ್ಚಿಡಾಕ ಏನ್ ಬಂಗಾರ ಐತೇನ್ರಿ ಕಾಕಾ?" ಬಾಜೂ ಮಂಚದವರು ಗೊಳ್ಳಂತ ನಗತಿದ್ರು. ಮಲಗಿದಾಂವನೂ ಹಲ್ಲು ಕಿಸೀತಿದ್ದ. ಬೆತ್ತಲೆ ಮಲಗಿದಾಂವ ಇನ್ನೇನ್ ಮಾಡಬೇಕು, ಪಾಪ.

ಹಿಂಗಿರುವಾಗ ಕೊರ್ಲಹಳ್ಳಿಯಿಂದ ಖಾಸಿಂಸಾಬ ಹರ್ನಿಯಾ ಅಂತ ಬಂದ. ಗಾದಿ ಹೊಲಿಯೋ ಮುದುಕ. ಹೊರಿ ಹೊತ್ತು ಹೊತ್ತು ತೊಡಿಸಂದ್ಯಾಗ ಗಡ್ಡಿ ಎದ್ದಿತ್ತು. ಹೆಂಡತಿ ತೀರಿದ್ಲು, ಮಗ ಗೋವಾದಾಗ ಗೌಂಡಿ ಕೆಲಸಕ್ಕಿದ್ದ. ಅದಕ್ಕ ಸೊಸಿ ತಬಸ್ಸುಮ ಜೋಡಿ ಬಂದಿದ್ಲು. ಆ ಮನ್ಯಾಗ ಮಾವನ ಮುಂದ ಸೊಸಿ ತಲಿ ಮ್ಯಾಲಿನ ಸೆರಗು ಜಾರಗೊಡೂದಿಲ್ಲ. ಮಾವನೂ ಮದಲ ಕೆಮ್ಮಿ, ಆಮ್ಯಾಲ ಅಡಗಿಮನಿ ಹೊಸ್ತಿಲಾ ದಾಟಾಂವ.

ಹುಲಗಪ್ಪ ಎಂದಿನಂಗ ಲುಂಗಿಗೆ ಕೈ ಹಾಕಿ ಜಗ್ಗಿದ. "ತಮ್ಮಾ, ಪರದಿ," ಅಂದ ಮುದುಕ. ಹುಲಗಪ್ಪ ತನ್ನ ಬಂಗಾರದ ಮಾತು ಒಗದ, ವಾರ್ಡೆಲ್ಲಾ ನಕ್ಕಿತು. ಅಷ್ಟೊತ್ತಿಗೆ ತಬಸ್ಸುಮ ಔಷಧದ ಚೀಲ ಹಿಡಕೊಂಡು ಬಾಗಿಲಿಗೆ ಬಂದ್ಲು. ಚೀಲ ಅಲ್ಲೇ ನೆಲದ ಮ್ಯಾಲೆ ಇಟ್ಟು ಹೊಳ್ಳಿ ಹೋದ್ಲು. ನಗಿ ಅಡಗಿತು. ಖಾಸಿಂಸಾಬ ಒಂದು ಬೈಗಳಾ ಬೈಲಿಲ್ಲ. ಎದ್ದ, ಲುಂಗಿ ಸುತ್ತಗೊಂಡ, ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಹಾದಿ ಹಿಡದ.

"ಕೊರ್ಲಹಳ್ಳಿ ಪೇಶಂಟ್ ಎಲ್ಲೋ?" ಅಂತ ಡಾಕ್ಟರ್ ಕೇಳಿದಾಗ ನಮ್ಮ ಶೂರ, "ಹೆದರಿ ಓಡಿಹೋದನ್ರಿ ಸರ," ಅಂದುಬಿಟ್ಟ.

"ಓಡಿ ಎಲ್ಲಿ ಹೊಕ್ಕಾನ? ಆ ಗಡ್ಡ್ಯಾಗ ಕರಳು ಸಿಕ್ಕಿಬಿದ್ರ ಜೀವಾನ ಹೊಕ್ಕೈತಿ," ಅಂದ್ರು ಡಾಕ್ಟರ್.

ಹುಲಗಪ್ಪಗ ಖರೆ ಹೇಳಾಕ ಧೈರ್ಯ ಬರಲಿಲ್ಲ. ಊರೆಲ್ಲಾ ನಗಸೋ ಬಾಯಿ, ಬೇಕಾದ ಹೊತ್ತಿಗೆ ಒಣಗಿ ಹೋತು.

ಕೆಲವು ದಿನ ಕಳದ ಮ್ಯಾಲೆ ತಬಸ್ಸುಮ ಒಬ್ಬಾಕೀನ ಬಂದ್ಲು, ನೋವಿನ ಗುಳಗಿ ಕೇಳಾಕ. ಹುಲಗಪ್ಪನ ಮಾರಿ ನೋಡದ, ನೆಲಾ ನೋಡಕೋಂತ ಹೇಳಿದ್ಲು: "ಮಾವ ಗಡ್ಡಿ ಒತ್ತಿ ಹಿಡಕೊಂಡು ಮಲಗಿರ್ತಾರ್ರಿ. ನಾ ತಾಟು ಒಯ್ದ್ರ ಗ್ವಾಡಿ ಕಡೆ ಹೊಳ್ಳತಾರ. ನಾ ಏನೂ ನೋಡಿಲ್ಲರಿ ಅಂತ ಹೆಂಗ ಹೇಳ್ಲಿ? ಹೇಳಿದ್ರ ನೋಡೇನಿ ಅಂದಂಗ ಆಕ್ಕೈತಿ."

ಹುಲಗಪ್ಪಗ ಮಾರಿ ಎಲ್ಲಿ ಇಟ್ಟಕೋಬೇಕು ತಿಳೀಲಿಲ್ಲ. ಇಷ್ಟು ವರ್ಷ ಆ ಮಂಚದ ಮ್ಯಾಲೆ ಹಲ್ಲು ಕಿಸದವರು ಯಾರೂ ಖರೆನ ನಕ್ಕಿರಲಿಲ್ಲ ಅನ್ನೋದು ಆಗ ತಲಿಗೆ ಹೊಕ್ಕಿತು. ಸೀದಾ ಡಾಕ್ಟರ್ ಕಡೆ ಹೋಗಿ ಇದ್ದದ್ದು ಇದ್ದಂಗ ಒಪ್ಪಿಕೊಂಡ, ಬೈಸಿಕೊಂಡ. ಸಂಜಿಯೊಳಗ ಖೋಲಿಯಾಗಿನ ಬಾಕ್ಸೆಲ್ಲಾ ತಾನ ಹೊತ್ತು ಹೊರಗ ಹಾಕಿದ. ಮರದಿನ ಕೊರ್ಲಹಳ್ಳಿಗೆ ಹೋದ.

ಖಾಸಿಂಸಾಬ ಗಾದಿಗೆ ತುಂಬೋ ಅರಳಿ ರಾಶಿ ಬಾಜೂ ಮುದುಡಿ ಕುಂತಿದ್ದ. "ಬಾರಪಾ, ಕುಂಡ್ರು," ಅಂದು ಒಳಗ ಚಾ ಹೇಳಿದ. ಆ ಮರ್ಯಾದಿನ ಹುಲಗಪ್ಪಗ ಹೆಚ್ಚು ಚುಚ್ಚಿತು.

"ತಪ್ಪಾತ್ರಿ ಕಾಕಾ," ಅಂತ ಕಾಲಿಗೆ ಬಗ್ಗಿದ. ಮುದುಕ ಕಾಲು ಹಿಂದ ತಗೊಂಡ.

"ನಿನ್ನ ಮ್ಯಾಲೆ ಸಿಟ್ಟಿಲ್ಲ. ಸಿಟ್ಟಿದ್ರ ಬೈದು ಹಗುರಾಗತಿದ್ದೆ. ಇದು ನಾಚಿಕಿ. ಯಾರಿಗಂತ ಬೈಲಿ?"

"ಖೋಲಿ ಖಾಲಿ ಮಾಡೇನ್ರಿ, ಒಳಗ ಚಿಲಕಾ ಐತಿ. ಬರ್ರಿ ಕಾಕಾ, ಜೀವಕ್ಕ ಕುತ್ತೈತಿ ಅಂತಾರ ಡಾಕ್ಟರ್."

ಮುದುಕ ಚಾ ಕುಡದು ಕಪ್ಪು ಕೆಳಗಿಟ್ಟ. ಆಮ್ಯಾಲ ಅಂದ, "ಬರ್ತೀನಿ. ನೀ ಮಾತ್ರ ಇರಬ್ಯಾಡ."

ಬ್ಯಾರೆ ಆಳು ಚಿಲಕಾ ಹಾಕಿ ಕೆಲಸ ಮಾಡಿದ, ಆಪರೇಷನ್ ಸುರಳೀತ ಆತು, ಖಾಸಿಂಸಾಬ ಉಳದ. ಹುಲಗಪ್ಪ ಅವತ್ತು ರಜಾ ಹಾಕಿ ಅಸುಂಡ್ಯಾಗ ಕಟ್ಟಿ ಮ್ಯಾಲೆ ಸುಮ್ಮನ ಕುಂತಿದ್ದ. ಜ್ವರ ಬಂದಾವೇನಂತ ಹೆಂಡತಿ ಹಣಿ ಮುಟ್ಟಿ ನೋಡಿದ್ಲು. ಅವತ್ತಿಂದ ಅಂವ ಕೇಳದ ಯಾರ ಬಟ್ಟಿಗೂ ಕೈ ಹಾಕೂದಿಲ್ಲ, ಆ ಬಂಗಾರದ ಮಾತೂ ಬಿಟ್ಟ. ಹುಲಗಪ್ಪ ಬಾಳ ಸಂಭಾವಿತ ಅಂತ ಈಗಿನ ಪೇಶಂಟ್ ಮಂದಿ ಅಂದ್ರ ಅವನಿಗೆ ಅಲ್ಲಿ ನಿಲ್ಲಾಕಾಗೂದಿಲ್ಲ.

ಹ್ವಾದ ದೀಪಾವಳಿ ಹೊತ್ತಿಗೆ ಮುಂಡರಗಿ ಬಸ್‌ಸ್ಟ್ಯಾಂಡಿನ್ಯಾಗ ಇಬ್ಬರೂ ಎದುರಾದ್ರು. "ಆರಾಮೇನಪಾ? ಮಕ್ಕಳು ಹೆಂಗದಾವು?" ಅಂತ ಖಾಸಿಂಸಾಬ ತಾನ ಮದಲ ಮಾತಾಡಿಸಿದ. ಮಾರ್ಯಾಗ ಸಿಟ್ಟಿನ ಸುಳಿವಿಲ್ಲ, ಬಾಯ್ತುಂಬ ನಗಿ. ಆದ್ರ ಮಾತು ಮುಗಿಯೋತನಕಾ ಮುದುಕನ ಬಲಗೈ, ಅವನಿಗೇ ಗೊತ್ತಿಲ್ಲದಂಗ, ನಡದಾಗಿನ ಲುಂಗಿ ಗಂಟು ಗಟ್ಟಿ ಹಿಡಕೊಂಡಿತ್ತು.