ಯಾರೂ ಮೂಸದ ನಲವತ್ತೊಂದು ಹೆಸರು

2022ರಲ್ಲಿ ನಾನು ರಾಮನಗರದಲ್ಲಿ ರೀಲರ್ ಆಗಿದ್ದೆ. ರೇಷ್ಮೆಗೂಡು ಕೊಂಡು ನೂಲು ತೆಗೆಸುವ ಕೆಲಸ. ಓದಿದ್ದು ಏಳನೇ ತರಗತಿ. ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವ ತಂಗಿ ಶಶಿಯ ವೆಬ್‌ಸೈಟ್ ನೋಡಿಕೊಳ್ಳುವವನೂ ನಾನೇ. ಮನೆಯಲ್ಲಿ ಕ್ರೆಡಿಟ್ ಕಾರ್ಡ್ ಇದ್ದದ್ದು ನನ್ನೊಬ್ಬನ ಬಳಿ, ಅರ್ಹತೆ ಅಷ್ಟೇ.

ವೆಬ್‌ಸೈಟಿನ ವಿಳಾಸಕ್ಕೆ ಡೊಮೇನ್ ಎನ್ನುತ್ತಾರೆ. ವರ್ಷವರ್ಷ ಹಣ ಕಟ್ಟಿ ಉಳಿಸಿಕೊಳ್ಳಬೇಕು. ಗಡುವು ದಾಟಿದರೆ ಯಾರು ಬೇಕಾದರೂ ಹಿಡಿಯಬಹುದು.

ಆಗ ಮೆಟಾವರ್ಸ್, ಬ್ಲಾಕ್‌ಚೈನ್ ಎಂಬ ಪದಗಳ ಅಬ್ಬರ. ಅಂಥ ಪದವಿರುವ ಹೆಸರು ಹಿಡಿದಿಟ್ಟರೆ ಕಂಪನಿಗಳು ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತವೆ ಎಂದು ಕೋಟು ಹಾಕಿದವನೊಬ್ಬ ಫೋನಿನ ವಿಡಿಯೊದಲ್ಲಿ ಪಾಠ ಮಾಡುತ್ತಿದ್ದ. ಅವನು ಮಾರುತ್ತಿದ್ದದ್ದು ಹೆಸರನ್ನಲ್ಲ, ಪಾಠವನ್ನು. ನನಗೆ ಹೊಳೆಯಲಿಲ್ಲ. ಮೆಟಾವರ್ಸ್ ರೇಷ್ಮೆ, ಬ್ಲಾಕ್‌ಚೈನ್ ರಾಗಿ, ಸಾವನದುರ್ಗ ಮೆಟಾವರ್ಸ್ ಎಂದು ನಲವತ್ತೊಂದು ಹೆಸರು ಗುಡ್ಡೆ ಹಾಕಿದೆ. ಬ್ಲಾಕ್‌ಚೈನ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಕೊಳ್ಳುವವನಿಗೂ ಗೊತ್ತಿರಬಾರದು, ಆ ದಂಧೆ ನಿಂತಿರುವುದೇ ಅದರ ಮೇಲೆ.

ಈ ಭ್ರಮೆ ನನಗೆ ಗೂಡಿನ ಮಾರುಕಟ್ಟೆಯಿಂದ ಬಂದದ್ದು. ಅಲ್ಲಿ ಬೆಳಿಗ್ಗೆ ಬಂದ ಗೂಡು ಸಂಜೆಯೊಳಗೆ ಹರಾಜಾಗಲೇಬೇಕು. ಇಟ್ಟುಕೊಂಡರೆ ಚಿಟ್ಟೆ ಗೂಡು ತೂತು ಮಾಡುತ್ತದೆ. ತಂದ ಮಾಲಿಗೆ ಗಿರಾಕಿ ಇದ್ದೇ ಇರುತ್ತಾನೆಂದು ಇಪ್ಪತ್ತು ವರ್ಷ ಕಣ್ಣಾರೆ ಕಂಡಿದ್ದೆ.

ಜೊತೆಯ ರೀಲರ್ ಸಿದ್ದರಾಜು ಹರಾಜುಕಟ್ಟೆಯಲ್ಲೇ ಕೇಳಿದ: “ಏನ್ಲಾ, ಗಾಳಿಗೂ ಗಿರಾಕಿ ಹುಡುಕ್ತಿದ್ದೀಯಂತೆ?”

“ನಿಂಗೇನ್ ಗೊತ್ತಾಯ್ತದೆ? ನೀನು ಗೂಡು ಆರಿಸ್ಕೊ ಹೋಗ್ಲಾ” ಎಂದೆ.

ಮರುವರ್ಷ ಎಲ್ಲಕ್ಕೂ ಹಣ ಕಟ್ಟುವ ಹೊತ್ತು ಬಂತು. ಒಂದು ಹೆಸರೂ ಮಾರಾಟವಾಗಿರಲಿಲ್ಲ. ಕಾರ್ಡಿನ ಮಿತಿಯೊಳಗೆ ನಲವತ್ತೊಂದಕ್ಕೆ ಮಾತ್ರ ಕಟ್ಟಬಹುದಿತ್ತು. ಪಟ್ಟಿಯ ಕೊನೆಯಲ್ಲಿ, ನಲವತ್ತೆರಡನೆಯದಾಗಿ, ತಂಗಿಯ ವಿಳಾಸವಿತ್ತು. ಅವಳ ಹೆಸರು, ಮುಂದೆ ಗೊಂಬೆ ಎಂಬ ಪದ. ಇಂಥ ಸಪ್ಪೆ ಹೆಸರನ್ನು ಯಾರು ಮುಟ್ಟುತ್ತಾರೆ, ಆಮೇಲೆ ಕಟ್ಟಿದರಾಯಿತು ಎಂದು ಅದನ್ನು ಬಿಟ್ಟೆ.

ಗಡುವು ದಾಟಿತು. ಒಂದು ದಿನ ಶಶಿ ಫೋನ್ ಮಾಡಿದಳು.

“ಅಣ್ಣಯ್ಯ, ಮಾಗಡಿ ಸ್ಕೂಲಿನ ಟೀಚರಮ್ಮ ಬೈತಾವ್ರೆ. ಗಿಲಕಿ ಅಡೀಲಿರೋ ವಿಳಾಸ ಹಾಕಿದ್ರೆ ದುಡ್ಡು ಕಟ್ಟಿ ಇಸ್ಪೀಟಾಡಿ ಅಂತ ಬತ್ತೈತಂತೆ. ಒಸಿ ನೋಡು.”

ಅವಳು ಮಾಡುವ ಪ್ರತಿ ಗೊಂಬೆಯ ಅಡಿಯಲ್ಲೂ ಆ ವಿಳಾಸವನ್ನು ಸುಟ್ಟು ಒತ್ತಿರುತ್ತಾಳೆ. ಗೊಂಬೆ ಕೊಂಡವರು ಅದನ್ನು ನೋಡಿಯೇ ಮತ್ತೆ ಬರುತ್ತಿದ್ದರು. ಹಾಗೆ ಜನ ಬರುವ ವಿಳಾಸವೆಂದೇ ಯಾರೋ ಹಿಡಿದು ಜೂಜಿನ ಜಾಹೀರಾತು ಹಾಕಿದ್ದರು. ವಾಪಸ್ ಕೇಳಿದರೆ ಮೂರು ಲಕ್ಷ ಎಂದರು. ನನ್ನ ಪಟ್ಟಿಯಲ್ಲಿ ಬೆಲೆ ಬಂದದ್ದು ಅದೊಂದಕ್ಕೇ. ಉಳಿದ ನಲವತ್ತೊಂದನ್ನು ಇವತ್ತಿನವರೆಗೂ ಯಾರೂ ಮೂಸಿಲ್ಲ.

ಶಾಲೆಗಳು ಆರ್ಡರ್ ನಿಲ್ಲಿಸಿದವು. ಮಾರಿಹೋದ ಗೊಂಬೆಗಳನ್ನು ಏನೂ ಮಾಡುವಂತಿರಲಿಲ್ಲ. ಉಳಿದವುಗಳ ಅಡಿಯನ್ನು ಶಶಿ ಒಂದೊಂದಾಗಿ ಲೇತಿಗೆ ಕೊಟ್ಟು, ತನ್ನ ಹೆಸರನ್ನು ತಾನೇ ಹೆರೆದಳು. ಪಕ್ಕದಲ್ಲಿ ಕೂತು ನಾನು ಉಪ್ಪುಕಾಗದ ಉಜ್ಜುತ್ತಿದ್ದೆ. ಬಣ್ಣ ಹಾಕುವ ಅಕ್ಕನೊಬ್ಬರು ಹೇಗಾಯಿತೆಂದು ಕೇಳಿದರು.

“ನಮ್ಮಣ್ಣಯ್ಯ ಮರ್ತ್‌ಬುಟ್ಟ ಕಣಕ್ಕ. ಅವ್ನಿಗೂ ನೂರೆಂಟು ತಾಪತ್ರಯ, ಪಾಪ” ಎಂದಳು ಶಶಿ.

ಬಾಯಿ ತುಂಬಿಸುವ ಪದಕ್ಕೆ ಗಿರಾಕಿ ಇರುವುದಿಲ್ಲ, ಜನ ನಂಬಿ ಹುಡುಕಿಕೊಂಡು ಬರುವ ಹೆಸರಿಗೆ ಇರುತ್ತಾನೆ. ಈ ಕಸುಬು ನನಗೆ ಕಲಿಸಿದ್ದು ಇಷ್ಟು. ಅದನ್ನು ಕಲಿತದ್ದು ತಂಗಿಯ ಹೆಸರನ್ನು ಕಳೆದು.

ಮರೆತುಬಿಟ್ಟೆ ಎಂದು ಶಶಿಗೆ ಹೇಳಿದ್ದು ನಾನೇ. ನಾನು ಮರೆತಿರಲಿಲ್ಲ. ಪಟ್ಟಿ ನೋಡಿ, ಆರಿಸಿ, ಬಿಟ್ಟಿದ್ದೆ.