ಗ್ರೇಥ ಕೊಟ್ಟ ಮಸುಕು ಪುಟಗಳು

ಹಾರ್ಸನ್ಸ್ ಊರಿನಲ್ಲಿ ಮಸುಕಾಗಿ ಓದಲಾಗದ ಪುಟದ ಫೋಟೋ ಯಾರ ಕೈಗೆ ಸಿಕ್ಕರೂ ಅದು ಕೊನೆಗೆ ಬಂದು ಸೇರುವುದು ಬೋದಿಲಳ ಅಡುಗೆಮನೆಯ ಮೇಜಿಗೇ. ಅಜ್ಜಿಯ ಅಡುಗೆ ಪುಸ್ತಕವಿರಲಿ, ಚರ್ಚಿನ ಜನನದ ದಾಖಲೆಯಿರಲಿ, ಅವಳು ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಬಿಡಿಸಿಕೊಡುತ್ತಾಳೆ. ಮೊದಲು ಹುಡುಕುವುದು ಪುಟದಲ್ಲಿರುವ ಒಂದು ಚುಕ್ಕೆಯನ್ನು. ಕೈ ನಡುಗಿದ್ದರೆ ಚುಕ್ಕೆ ಗೆರೆಯಾಗಿ ಎಳೆದುಕೊಂಡಿರುತ್ತದೆ. ಕೈ ಯಾವ ಕಡೆ ಎಷ್ಟು ಓಡಿತೆಂದು ಆ ಗೆರೆಯೇ ಹೇಳುತ್ತದೆ. ಅಷ್ಟನ್ನು ಹಿಂದಕ್ಕೆ ಎಳೆದರೆ ಅಕ್ಷರಗಳು ಮೆಲ್ಲಗೆ ಮುಖ ತೋರಿಸುತ್ತವೆ. ಕಂಪ್ಯೂಟರು ಒಮ್ಮೊಮ್ಮೆ ಇಲ್ಲದ ಅಕ್ಷರವನ್ನೂ ಊಹಿಸಿಬಿಡುತ್ತದೆ. ಅದಕ್ಕೇ ಅದೇ ಕೈಬರಹದ ಬೇರೆ ಪುಟದೊಡನೆ ತಾಳೆ ನೋಡದೆ ಅವಳು ಯಾರಿಗೂ ಏನನ್ನೂ ಕೊಡುವವಳಲ್ಲ.

ಈ ವಸಂತದಲ್ಲಿ ನಲವತ್ತು ಫೋಟೋ ತಂದವಳು ಗ್ರೇಥ. ಮೂವತ್ತು ವರ್ಷದ ಗೆಳತಿ, ಊರಾಚೆಯ ನೆಲವನ್ನು ತುಂಡು ಮಾಡಿ ಸರದಿಯಂತೆ ಸದಸ್ಯರಿಗೆ ಬಾಡಿಗೆಗೆ ಕೊಡುವ ತೋಟಗಳ ಸಂಘದ ಕಾರ್ಯದರ್ಶಿ. ಸಂಘಕ್ಕೆ ಎಪ್ಪತ್ತೈದು ತುಂಬುತ್ತಿತ್ತು, ಪುಸ್ತಿಕೆ ತರಬೇಕಿತ್ತು. ಹಳೆಯ ಪುಸ್ತಕಗಳೆಲ್ಲ ಕೊಳಾಯಿ ಒಡೆದು ನೆನೆದು ಹಾಳಾಗಿದ್ದವು. ಉಳಿದದ್ದು ಅವುಗಳ ಪುಟಗಳನ್ನು ತೀರಿಹೋದ ಅಧ್ಯಕ್ಷರು ನಡುಗುವ ಕೈಯಲ್ಲಿ ತೆಗೆದಿದ್ದ ಫೋಟೋಗಳಷ್ಟೇ. "ಏನೂ ಕಾಣಲ್ಲ ಕಣೇ, ಆದಷ್ಟು ಮಾಡು," ಎಂದು ಒಂದು ಕಟ್ಟು ರೂಬಾರ್ಬ್ ದಂಟನ್ನೂ ಕೊಟ್ಟು ಹೋದಳು.

ಗ್ರೇಥಳ ಮಗಳ ತೋಟದಿಂದ ಆ ಹುಳಿ ದಂಟು ಪ್ರತಿ ವಸಂತದಲ್ಲೂ ಬರುತ್ತಿತ್ತು. ಬೋದಿಲ್ ಮತ್ತು ಅವಳ ಗಂಡ ಥೋರ್ಕಿಲ್ ತೋಟಕ್ಕೆ ಹೆಸರು ಬರೆಸಿ ಹನ್ನೊಂದು ವರ್ಷವಾಗಿತ್ತು. ಮೂರನೆಯ ಮಹಡಿಯ ಮನೆ ಅವರದು. ನೆಲ ಸಿಕ್ಕ ದಿನ ನೆಡಲೆಂದು ಥೋರ್ಕಿಲ್ ಬಾಲ್ಕನಿಯ ಕುಂಡದಲ್ಲಿ ಸೇಬಿನ ಸಸಿಯೊಂದನ್ನು ಸಾಕುತ್ತಿದ್ದ. ಕಾಯುವವರ ಪಟ್ಟಿ ತೋರಿಸಿ ಎಂದು ಹೋಗಿ ಕೇಳುವುದು ಅಲ್ಲಿ ಮರ್ಯಾದೆಯಲ್ಲ, ಸರದಿ ಬಂದಾಗ ಕಾರ್ಯದರ್ಶಿಯೇ ಕಾಗದ ಹಾಕಬೇಕು. ಕಾಫಿಗೆ ಕೂತಾಗ ಥೋರ್ಕಿಲ್ ಮಾತಿನ ನಡುವೆ ವಿಚಾರಿಸಿದರೆ, ಇನ್ನಿಬ್ಬರು ಮುಂದಿದ್ದಾರೆ ಎನ್ನುತ್ತಿದ್ದಳು ಗ್ರೇಥ. ಹೋದ ಬೇಸಿಗೆಯಲ್ಲೂ ಅದನ್ನೇ ಹೇಳಿದಳು. ಚಳಿಗಾಲದಲ್ಲಿ ಥೋರ್ಕಿಲ್ ತೀರಿಕೊಂಡ.

ಇಪ್ಪತ್ತಾರನೆಯ ಪುಟ ಆರು ವರ್ಷದ ಹಿಂದಿನದು. ಮಸುಕು ಸರಿಯುತ್ತಿದ್ದಂತೆ ಪಟ್ಟಿಯ ಮೊದಲ ಸಾಲಿನಲ್ಲಿ ಬೋದಿಲಳಿಗೆ ಕಂಡದ್ದು ತಮ್ಮಿಬ್ಬರದೇ ಹೆಸರು. ಅದನ್ನು ಹೊಡೆದು ಹಾಕಿದ ಒಂದು ಗೆರೆ. ಪಕ್ಕದಲ್ಲಿ ಗ್ರೇಥಳ ದುಂಡನೆಯ ಬರಹ: ಕೇಳಿದೆ, ಬೇಡವೆಂದರು. ಕೆಳಗಿನ ಹೆಸರು, ತಮಗಿಂತ ಮುಂದಿದ್ದಳೆಂದು ಇವರು ತಿಳಿದಿದ್ದ ಗ್ರೇಥಳ ಮಗಳು ಲೋನೆಯದು. ಹದಿನೇಳನೆಯ ತೋಟ ಅವಳಿಗೆ ಹೋಗಿತ್ತು.

ಬೋದಿಲಳನ್ನಾಗಲಿ ಥೋರ್ಕಿಲನನ್ನಾಗಲಿ ಯಾರೂ ಕೇಳಿರಲಿಲ್ಲ. ಕಂಪ್ಯೂಟರು ತಪ್ಪು ಊಹಿಸಿರಲಿ ಎಂದು ಬೋದಿಲ್ ಹಾರೈಸಿದ್ದು ಅದೇ ಮೊದಲು. ಗ್ರೇಥಳ ಬೇರೆ ಪುಟಗಳನ್ನು ಪಕ್ಕಕ್ಕಿಟ್ಟು ಮೂರು ಸಲ ತಾಳೆ ನೋಡಿದಳು. ಒಂದಕ್ಷರವೂ ಊಹೆಯಲ್ಲ. ನಂಬಿದವರ ಹೆಸರು ಹೊಡೆದು, ಅದೇ ನೆಲದಲ್ಲಿ ಬೆಳೆದ ದಂಟನ್ನು ಅವರಿಗೇ ತಂದುಕೊಡುವ ಉಪಕಾರಕ್ಕೆ ಏನು ಹೆಸರಿಡಬೇಕೋ!

ಭಾನುವಾರ ಬೋದಿಲ್ ನಲವತ್ತೂ ಪುಟ ಅಚ್ಚು ಹಾಕಿಸಿಕೊಂಡು, ಗ್ರೇಥ ರಜೆಯ ದಿನ ಕೂರುತ್ತಿದ್ದ ಹದಿನೇಳನೆಯ ತೋಟಕ್ಕೆ ಹೋದಳು. ಗ್ರೇಥ ಖುಷಿಯಿಂದ ಮಗುಚುತ್ತಾ ಹೋಗಿ ಇಪ್ಪತ್ತಾರರಲ್ಲಿ ನಿಂತಳು.

"ಲೋನೆಗೆ ಆಗ ಎರಡನೇ ಮಗು," ಎಂದಳು. "ನಿಮಗೆ ಮುಂದಿನದು ಕೊಡಿಸೋಣ ಅಂದ್ಕೊಂಡಿದ್ದೆ ಕಣೇ."

"ಹೆಸರೇ ಹೊಡೆದು ಹಾಕಿದ್ಮೇಲೆ ಮುಂದಿನದು ಎಲ್ಲಿಂದ ಬರ್ಬೇಕಿತ್ತು?"

ಗ್ರೇಥ ಹಾಳೆಯನ್ನು ಮಡಿಸಿ, ಈ ಒಂದು ಪುಟ ಓದಕ್ಕಾಗಲಿಲ್ಲ ಅಂತ ಸಂಘದವರಿಗೆ ಹೇಳಿಬಿಡ್ತೀಯಾ, ಎಂದು ಸಣ್ಣ ದನಿಯಲ್ಲಿ ಕೇಳಿದಳು.

ಬೋದಿಲ್ ಬೇಲಿಯ ಕಡೆ ನೋಡಿದಳು. ಬಿಳಿ ಬಣ್ಣ ಇನ್ನೂ ಹೊಸದಾಗಿಯೇ ಇತ್ತು.

"ಹೋದ ಬೇಸಿಗೇಲಿ ಇದಕ್ಕೆ ಬಣ್ಣ ಬಳಿದಿದ್ದು ಥೋರ್ಕಿಲ್. ನಮ್ಮದು ಬಂದಾಗ ಅದಕ್ಕೂ ಇದೇ ಬಣ್ಣ ಅಂದ. ನೀನು ಇಲ್ಲೇ ಕೂತು ಅವನಿಗೆ ಕಾಫಿ ಬಗ್ಗಿಸ್ತಿದ್ದೆ ಗ್ರೇಥ."

ಮಡಿಸಿದ ಹಾಳೆಯನ್ನು ಬೋದಿಲ್ ಬಿಡಿಸಿ ಉಳಿದವುಗಳ ಮೇಲಿಟ್ಟು ಎದ್ದಳು. ಅವಳಿಗೆಂದು ಕೊಯ್ದಿಟ್ಟಿದ್ದ ರೂಬಾರ್ಬ್ ಕಟ್ಟು ಮೇಜಿನ ಮೇಲೇ ಉಳಿಯಿತು.