ಅತ್ತೆಯ ಹರಕೆ, ನನ್ನ ಸೈಕಲ್ಲು

ನಾನು ಸೈಕಲ್ ಹತ್ತಿದ್ದು ನಲವತ್ತು ದಾಟಿದ ಮೇಲೆ. ಕೊರೋನಾ ಕಾಲದಲ್ಲಿ ಬೈಲಹೊಂಗಲದಿಂದ ನೇಸರಗಿಗೆ ಬಸ್ಸು ಸರಿಯಾಗಿ ಇರಲಿಲ್ಲ. ಅಲ್ಲಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಬೇರೆ ದಾರಿ ಕಾಣದೆ ಸೈಕಲ್ ತುಳಿದೆ. ಬಸ್ಸು ಮತ್ತೆ ಶುರುವಾದ ಮೇಲೂ ಬಿಡಲಾಗಲಿಲ್ಲ. ಮೊದಮೊದಲು ಹೊಲದಲ್ಲಿದ್ದವರು ಎದ್ದುನಿಂತು ನೋಡುತ್ತಿದ್ದರು. "ಅಕ್ಕೋರ, ಸ್ಕೂಟಿ ಕೆಟ್ಟೈತೇನ್ರಿ?" ಎಂದು ಕೇಳುತ್ತಿದ್ದರು. ಆಮೇಲೆ ಅವರಿಗೂ ರೂಢಿಯಾಯಿತು. ನಾನು ಗೇರಿನ ಸೈಕಲ್ ಕೊಂಡು ಭಾನುವಾರಗಳಂದು ಇನ್ನೂ ದೂರ ಹೋಗತೊಡಗಿದೆ.

ಹಾಗೆ ಮೊದಲು ಹೋದದ್ದು ಕಿತ್ತೂರಿಗೆ. ಮರಳಿ ಬಂದಾಗ ಗಂಡ ತಮ್ಮ ಅಂಗಡಿಯಲ್ಲಿದ್ದರು; ಪಡಸಾಲೆಯಲ್ಲಿ ಮಲಗಿದ್ದ ಅತ್ತೆ, "ಏನ ನೋಡಿ ಬಂದಿ?" ಎಂದು ಕೇಳಿದರು.

"ಏನಿಲ್ರಿ ಅತ್ಯಾರ. ಬರೇ ರಸ್ತೆ."

"ಹಂಗಾರ ರಸ್ತೇನ ಹೇಳು."

ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಬೆನ್ನುಮೂಳೆ ಮುರಿದುಕೊಂಡು ಆಗ ವರ್ಷವಾಗಿತ್ತು. ಕೋಲು ಹಿಡಿದು ಬಾಗಿಲತನಕ ಬರುತ್ತಿದ್ದರು, ಅಷ್ಟೆ. ಬಸ್ಸು, ಕಾರು ಯಾವುದರ ಕುಲುಕಾಟವನ್ನೂ ಅವರ ಬೆನ್ನು ತಡೆಯುತ್ತಿರಲಿಲ್ಲ. ನಾನು ಹೇಳಿದೆ. ಎಲ್ಲಿ ಜೋಳ ತೆನೆ ಹಿಡಿದಿದೆ, ಎಲ್ಲಿ ಸೋಯಾ ಒಣಹಾಕಿ ಅರ್ಧ ರಸ್ತೆ ಮುಚ್ಚಿದ್ದಾರೆ, ಯಾರ ನಾಯಿ ಬೆನ್ನಟ್ಟಿತು. ಮುಂದಿನ ಸಲ ಮರೆಯಬಾರದೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅತ್ತೆಗೆ ಓದು ಬಾರದು. ಸಂಜೆ ಚಹಾ ಕುಡಿಯುತ್ತ ನಾನು ಓದುವುದು, ಅವರು ನಡುನಡುವೆ ತಡೆದು ಕೇಳುವುದು ನಮ್ಮ ಮನೆಯ ಭಾನುವಾರದ ಪದ್ಧತಿಯಾಯಿತು. ನಮ್ಮಿಬ್ಬರ ನಡುವೆ ಅದಕ್ಕೂ ಮೊದಲು ಅಷ್ಟು ಮಾತು ಇದ್ದದ್ದು ನೆನಪಿಲ್ಲ.

ಒಂದು ದಿನ ಅವರು, "ನನ್ನ ಹರಕಿ ಬಾಕಿ ಉಳದೈತಿ. ನೀ ಒಮ್ಮೆ ಎಲ್ಲವ್ವನ ಗುಡ್ಡಕ್ಕ ಹೋಗಿ ಬರತೀಯೇನು?" ಎಂದರು. ಬೀಳುವತನಕ ಅವರು ಪ್ರತಿವರ್ಷ ಸವದತ್ತಿಯ ಗುಡ್ಡಕ್ಕೆ ಓಣಿಯ ಹೆಂಗಸರ ಜೊತೆ ನಡೆದೇ ಹೋಗುತ್ತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ. ದೇವರ ವಿಷಯಕ್ಕೆ ನಾನು ಹೋಗುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಬ್ಬಕ್ಕೆ ಅಡುಗೆ ಮಾಡುತ್ತಿದ್ದೆ, ಕೈ ಮುಗಿಯುತ್ತಿರಲಿಲ್ಲ. ಆದರೂ ಅವರ ಮುಖ ನೋಡಿ ಒಪ್ಪಿಕೊಂಡೆ.

ಮುನವಳ್ಳಿ ದಾಟಿ ಸವದತ್ತಿ ಮುಟ್ಟುವಷ್ಟರಲ್ಲಿ ಹತ್ತು ಗಂಟೆ. ಕಾಲು ದಣಿದಿರಲಿಲ್ಲ. ಚಹಾದಂಗಡಿಯಲ್ಲಿ ಕೂತು ಗುಡ್ಡದ ದಿಕ್ಕು ನೋಡಿದೆ. ಎದುರುಗಾಳಿ ಜೋರಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೊಂದು ಚಹಾ ಕುಡಿದೆ. ಕೊನೆಗೆ ಪೇಟೆಯ ಅಂಗಡಿಯೊಂದರಲ್ಲಿ ಎಲ್ಲವ್ವನ ಅರಿಶಿನ ಭಂಡಾರದ ಪೊಟ್ಟಣ ತೆಗೆದುಕೊಂಡು ಸೈಕಲ್ ತಿರುಗಿಸಿದೆ.

ದಾರಿಯಲ್ಲಿ ಬೇವಿನ ಮರದ ಕೆಳಗೆ ಕೂತು ನೋಟ್‌ಬುಕ್ ತೆಗೆದೆ. ಹೋಗದ ಗುಡ್ಡವನ್ನು ಬರೆದೆ. "ತಾಯಿಯ ಮುಂದೆ ನಿಂತಾಗ ಕಣ್ಣು ತುಂಬಿ ಬಂತು" ಎಂದು ಬರೆದೆ. ನಿಜವಾಗಿ ಕಂಡದ್ದನ್ನು ಬರೆಯಲು ಎಷ್ಟೋ ಸಲ ಒದ್ದಾಡುವ ನನಗೆ ಆ ಸಾಲು ಒಂದೇ ಏಟಿಗೆ ಬಂತು.

ಸಂಜೆ ಓದಿದೆ. ಅತ್ತೆ ಕಣ್ಣುಮುಚ್ಚಿ, ಮಲಗಿದಲ್ಲೇ ಕೈ ಮುಗಿದರು. ಹಣೆಗೆ ಭಂಡಾರ ಹಚ್ಚಿಸಿಕೊಂಡರು. ಮಾರನೆಯ ಭಾನುವಾರ ನಾನು ಚಚಡಿಗೆ ಹೋಗಿಬಂದೆ. ಅಲ್ಲಿಯ ದೊಡ್ಡ ಮನೆತನದ ಹಳೆಯ ವಾಡೆಯ ಬಗ್ಗೆ ಬರೆದದ್ದನ್ನು ಓದಲು ಕೂತರೆ, "ಅದು ಇರಲಿ, ಗುಡ್ಡದ್ದ ಓದು" ಎಂದರು. ಓದಿದೆ. ಅದರ ಮುಂದಿನ ವಾರವೂ ಅದನ್ನೇ ಕೇಳಿದರು. ಆ ಸಾಲಿನ ತನಕ ಬಂದೆ, ನೋಟ್‌ಬುಕ್ ಮುಚ್ಚಿದೆ.

"ಅತ್ಯಾರ, ನಾ ಗುಡ್ಡಾ ಹತ್ತೇ ಇಲ್ರಿ. ಎಲ್ಲಾ ಸುಳ್ಳ ಬರದೇನಿ."

ಅತ್ತೆ ನನ್ನ ಕಡೆ ಮುಖ ತಿರುಗಿಸಿದರು. "ಸವದತ್ತಿ ಮಟಾ ಹೋಗಿ ತಿರುಗಿದಿ?"

"ಹೂಂ ರೀ."

"ಕಾಲು ಸೋತಿದ್ವೇನು?"

"ಇಲ್ರಿ. ಅಕಿ ಮುಂದ ನಿಂತು ಏನ ಹೇಳಬೇಕಂತ ತಿಳೀಲಿಲ್ಲ. ನನಗ ಅಕಿ ಮ್ಯಾಲ ಸಿಟ್ಟೈತ್ರಿ."

ಅವರು ಗೋಡೆಯ ಕಡೆ ಹೊರಳಿದರು. ಮೂರು ದಿನ ನೀರು, ಗುಳಿಗೆ ಎಂಬಷ್ಟು ಬಿಟ್ಟರೆ ಮಾತಿಲ್ಲ. ಭಂಡಾರದ ಪೊಟ್ಟಣವನ್ನು ದೇವರ ಜಗಲಿಯಿಂದ ತೆಗೆಸಿ ಅಡುಗೆಮನೆಯ ಅರಿಶಿನದ ಡಬ್ಬಿಗೆ ಹಾಕಿಸಿದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ನಾಲ್ಕನೆಯ ದಿನ ನಾನು ಶಾಲೆಯಿಂದ ಬಂದು ಹೆಲ್ಮೆಟ್ ಬಿಚ್ಚುತ್ತಿದ್ದಾಗ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನಾ ವರ್ಷಾ ಗುಡ್ಡಕ್ಕ ಯಾಕ ಹೋಗತಿದ್ದೆ, ಗೊತ್ತೈತೇನ ನಿನಗ?"

"ಮನೀ ಮಂದಿ ಚಂದಂಗಿರಲಿ ಅಂತ."

"ಮನೀ ಮಂದಿ ಅಲ್ಲ. ನೀ."

ಅಂದಿಗೆ ಹದಿನೆಂಟು ವರ್ಷಗಳ ಹಿಂದೆ ಧಾರವಾಡದ ಆಸ್ಪತ್ರೆಯೊಂದರಲ್ಲಿ ನನ್ನ ಹೆರಿಗೆಯಾಗಿತ್ತು. ಮಗು ಉಳಿಯಲಿಲ್ಲ. ನನಗೆ ಎಚ್ಚರ ಬಂದದ್ದು ಎರಡು ದಿನಗಳ ನಂತರ. ಅಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಹೆಣ್ಣು ಮಗು ಎಂದು ಹೇಳಿದರು. ಇನ್ನೊಂದು ಆಗುವುದಿಲ್ಲವೆಂದೂ ಹೇಳಿದರು. ಅಂದಿನಿಂದ ನಾನು ಯಾವ ದೇವರಿಗೂ ಕೈ ಮುಗಿದಿಲ್ಲ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಈಗ ಅತ್ತೆ ಎತ್ತಿದರು.

"ಕೂಸು ಹೋತು ಅಂತ ಬಂದು ಹೇಳಿದ್ರು. ತಾಯೀದೂ ಏನೂ ಹೇಳಾಕ ಬರೂದಿಲ್ಲ ಅಂದ್ರು. ಅಲ್ಲೇ ವರಾಂಡದಾಗ ಕುಂತು ಎಲ್ಲವ್ವನ್ನ ಬೇಡ್ಕೊಂಡೆ. ಕೂಸನ್ನ ಒಯ್ದಿ, ಇಕೀನರ ಬಿಡು, ಜೀವ ಇರೂತನಕ ವರ್ಷಾ ನಡಕೊಂತ ಬರತೇನಿ ಅಂದೆ. ಅಕಿ ಬಿಟ್ಟಳು."

ಒಂದೇ ಆಸ್ಪತ್ರೆಯಿಂದ ನಾನು ಸಿಟ್ಟು ಹೊತ್ತು ಬಂದಿದ್ದೆ, ಅವರು ಹರಕೆ ಹೊತ್ತು ಬಂದಿದ್ದರು. ಒಂದೇ ಮನೆಯಲ್ಲಿ ಇಷ್ಟು ವರ್ಷ ಒಬ್ಬರಿಗೊಬ್ಬರು ಹೇಳದೆ ಬದುಕಿದ್ದೆವು.

"ಇಷ್ಟ ದಿನಾ ಯಾಕ ಹೇಳಲಿಲ್ರಿ?"

"ಹ್ಯಾಂಗ ಹೇಳಲಿ? ಕೂಸು ಕಳಕೊಂಡಾಕಿ ಮುಂದ, ನೀ ಉಳದಿ ಅಂತ ನಾ ಖುಷಿ ಪಡ್ಲೇನು?"

ನಾನು ಅವರ ಕಾಲು ಒತ್ತುತ್ತ ಕೂತೆ. ಏಳುವಾಗ ಅವರು ಅಂದರು: "ನೀ ಹೋಗಾಕ ಬೇಕು ಅಂತಿಲ್ಲ. ಹೋದ್ರ ಮಾತ್ರ ಖರೇ ಬರಿ. ಸಿಟ್ಟಿದ್ರ ಸಿಟ್ಟ ಹೇಳು ಅಕೀಗೆ."

ದಸರಾ ರಜೆ ಕಳೆದು ಬಂದ ಮೊದಲ ಭಾನುವಾರ ಮತ್ತೆ ಹೊರಟೆ. ಅಂದು ಗಾಳಿ ನಿಜವಾಗಿಯೂ ಎದುರಿತ್ತು. ಸವದತ್ತಿಯಲ್ಲಿ ನಿಂತರೆ ಮತ್ತೆ ತಿರುಗುತ್ತೇನೆಂಬ ಹೆದರಿಕೆಯಿಂದ ಚಹಾ ಕೂಡ ಕುಡಿಯದೆ ಏರು ಹತ್ತಿದೆ. ಅತಿ ಸಣ್ಣ ಗೇರಿಗೆ ಹಾಕಿದರೂ ಉಸಿರು ಸಾಲುತ್ತಿರಲಿಲ್ಲ. ಹಿಂದಿನಿಂದ ಬಂದ ಟೆಂಪೊದಲ್ಲಿದ್ದ ಹೆಂಗಸರು ನನ್ನನ್ನು ನೋಡಿ "ಉಧೋ ಉಧೋ" ಎಂದು ಕೂಗಿದರು. ಒಬ್ಬಾಕೆ ಭಂಡಾರ ಎರಚಿದಳು. ಬೆವರಿದ ಕೈ, ಹ್ಯಾಂಡಲ್ಲು ಎಲ್ಲ ಹಳದಿಯಾಯಿತು.

ದರ್ಶನದ ಪಾಳಿಯಲ್ಲಿ ಬಹಳ ಹೊತ್ತು ನಿಂತೆ. ದೇವಿಯ ಎದುರು ಸಿಕ್ಕದ್ದು ಅರ್ಧ ನಿಮಿಷ. ಮನಸ್ಸಿನಲ್ಲೇ ಕೇಳಿದೆ: ಕೂಸನ್ನ ಯಾಕ ಒಯ್ದಿ? ಉತ್ತರ ಬರುವ ಮೊದಲೇ ಹಿಂದಿನಿಂದ ಯಾರೋ, "ಮುಂದ ನಡೀರಿ ಯಕ್ಕಾ" ಎಂದು ನೂಕಿದರು. ಹೊರಗೆ ಬಂದುಬಿಟ್ಟಿದ್ದೆ. ಕಣ್ಣು ತುಂಬಿ ಬರಲಿಲ್ಲ.

ನೆರಳು ನೋಡಿ ಕಟ್ಟೆಯ ಮೇಲೆ ಕೂತೆ. ಪಕ್ಕದಲ್ಲಿ ನನಗಿಂತ ಹಿರಿಯಳಾದ ಹೆಂಗಸೊಬ್ಬಳು ಬುತ್ತಿಗಂಟು ಬಿಚ್ಚುತ್ತಿದ್ದಳು. ರಾಮದುರ್ಗದ ಕಡೆಯವಳಂತೆ. ನನ್ನ ಹೆಲ್ಮೆಟ್ ನೋಡಿ ನಕ್ಕು, ಎಲ್ಲಿಂದ ಬಂದದ್ದು, ಯಾಕೆ ಸೈಕಲ್ ಮೇಲೆ, ಎಲ್ಲ ವಿಚಾರಿಸಿದಳು. ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದಳು: "ಎಷ್ಟ ಮಕ್ಕಳ್ರಿ ನಿಮಗ?"

ಈ ಪ್ರಶ್ನೆಗೆ ನಾನು ಯಾವಾಗಲೂ "ಇಲ್ರಿ" ಎಂದು ಹೇಳಿ ಮಾತು ಬದಲಿಸುತ್ತೇನೆ. ಅಂದು ಬಾಯಿಂದ ಬೇರೆಯೇ ಬಂತು. "ಒಬ್ಬಾಕಿ ಇದ್ಲರಿ. ಹುಟ್ಟಿದ ದಿನಾನ ಹೋದ್ಲು. ಇದ್ದಿದ್ರ ಈಗ ಕಾಲೇಜಿಗೆ ಹೋಗತಿದ್ಲು."

"ಅಯ್ಯ, ನನ್ನವ್ವಾ" ಎಂದಳು ಆಕೆ. ತನ್ನ ಹೋಳಿಗೆಯನ್ನು ಎರಡು ಮಾಡಿ ಅರ್ಧ ನನ್ನ ಕೈಯಲ್ಲಿಟ್ಟಳು. "ತಿನ್ನು. ಸೈಕಲ್ ತುಳಿದು ಬಂದೀದಿ."

ಇಬ್ಬರೂ ತಿಂದೆವು. ನಂತರ ಅಲ್ಲೇ ಕೂತು, ನಡೆದದ್ದನ್ನು ನಡೆದ ಹಾಗೆ ಬರೆದೆ. ಒಂದೊಂದು ಸಾಲಿಗೂ ಹೊತ್ತು ಹಿಡಿಯಿತು.

ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಚಹಾ ಸೋಸಿ ತಂದು ಓದಿದೆ. ಅತ್ತೆ ಒಮ್ಮೆಯೂ ತಡೆಯಲಿಲ್ಲ. ನಾನು ದೇವಿಗೆ ಕೇಳಿದ್ದನ್ನು ಓದುವಾಗ ಅವರು ತೊಲೆ ನೋಡುತ್ತಿದ್ದರು. "ಒಬ್ಬಾಕಿ ಇದ್ಲು" ಎಂಬಲ್ಲಿಗೆ ಬಂದಾಗ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು.

"ನೀ ನೋಡಲಿಲ್ಲ ಅದನ್ನ. ನಾ ನೋಡೇನಿ. ಅದಕ್ಕ ನಿನ್ನ ಮೂಗಿತ್ತು."

ಹದಿನೆಂಟು ವರ್ಷ ನನ್ನ ಮಗಳಿಗೆ ಮುಖವೇ ಇರಲಿಲ್ಲ. ಕಣ್ಣು ತುಂಬಿದ್ದು ಆಗ. ಕೂದಲು ಹೇಗಿತ್ತು ಎಂದು ಕೇಳಿದೆ. ಬಣ್ಣ ಕೇಳಿದೆ. ಯಾರು ಎತ್ತಿಕೊಂಡಿದ್ದರು, ಯಾವ ಬಟ್ಟೆ ಸುತ್ತಿದ್ದರು, ಎಲ್ಲ ಕೇಳಿದೆ. ಅವರಿಗೆ ಎಲ್ಲ ನೆನಪಿತ್ತು. ತಮ್ಮ ಹಳೆಯ ಇಳಕಲ್ ಸೀರೆಯ ಸೆರಗು ಹರಿದು ಸುತ್ತಿದ್ದರಂತೆ. ಹೇಳುತ್ತ ಅವರೂ ಅತ್ತರು. ಅಂಗಡಿ ಮುಚ್ಚಿ ಬಂದ ನನ್ನ ಗಂಡ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಒಳಗೆ ಬಂದು ತಾಯಿಯ ಕಾಲಹತ್ತಿರ ಕೂತರು.

ನಾನು ಭಕ್ತಳಾಗಿದ್ದೇನೆಂದು ಬರೆದರೆ ಅದು ಮತ್ತೊಂದು ಸುಳ್ಳಾಗುತ್ತದೆ. ದೇವರ ಜಗಲಿಯ ಮುಂದೆ ನಾನು ಇವತ್ತಿಗೂ ಕೂರುವುದಿಲ್ಲ. ಅತ್ತೆಯ ಪರವಾಗಿ ವರ್ಷಕ್ಕೊಮ್ಮೆ ಗುಡ್ಡ ಹತ್ತುತ್ತೇನೆ, ಆ ಪ್ರಶ್ನೆಯನ್ನೇ ಮತ್ತೆ ಕೇಳುತ್ತೇನೆ. ಅವರು ನಂಬುವುದನ್ನು ನಾನು ನಂಬಲಾರೆ. ಆದರೆ ಅವರ ನಂಬಿಕೆಯೊಳಗೆ ನಾನು ಬದುಕಿ ಉಳಿದವಳಾಗಿ ಇದ್ದೇನೆ, ಅದನ್ನು ತಳ್ಳಿಹಾಕಲು ನನ್ನಿಂದಾಗದು.

ಹೋದ ತಿಂಗಳು ಅವರು ತಮ್ಮ ತವರು ತೊರಗಲ್ಲಿಗೆ ಕಳಿಸಿದರು. ದೂರದ ಹಾದಿ; ರಾಮದುರ್ಗದಲ್ಲಿ ಸಹೋದ್ಯೋಗಿಯ ಮನೆಯಲ್ಲಿ ಉಳಿದು ಎರಡು ದಿನದಲ್ಲಿ ಹೋಗಿಬಂದೆ. ಕೋಟೆಯ ಬಗ್ಗೆ ಎರಡು ಪುಟ ಬರೆದಿದ್ದೆ. ಅತ್ತೆ ಮೊದಲ ಪುಟಕ್ಕೇ ತಡೆದು, "ಅಗಸಿ ಬಾಗಲಾ ದಾಟಿ ಎಡಕ್ಕ ಹೊಳ್ಳಲಿಲ್ಲೇನ ನೀ? ನಮ್ಮ ಮನಿ ಇದ್ದದ್ದ ಅಲ್ಲಿ" ಎಂದು ಬೈದರು. ಪೆನ್ನು ತರಲು ಹೇಳಿ, ತಾವೇ ಹೇಳತೊಡಗಿದರು. ನಾನು ಬರೆದುಕೊಂಡೆ.